ಜರ್ಮನಿಯಲ್ಲಿ ಓದು: ಯಾವ ತಿಂಗಳಿಗೆ ಎಷ್ಟು ದುಡ್ಡು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜರ್ಮನಿಗೆ ಎಂ.ಎಸ್. ಓದಲು ಹೊರಟವರವು, ಇಲ್ಲವೇ ಅವರ ಅಪ್ಪ-ಅಮ್ಮಂದಿರವು. ಹಾಗಾಗಿ ಇಡೀ ಅಂಕಣ ಅದಕ್ಕೇ ಮೀಸಲು. ರೂಪಾಯಿ ಲೆಕ್ಕಕ್ಕೆ ಒಂದು ಯೂರೋಗೆ 105 ರೂಪಾಯಿ ಹಿಡಿದಿದ್ದೇವೆ. ನೀವು ಲೆಕ್ಕ ಹಾಕುವಾಗ ಆ ದಿನದ ದರಕ್ಕೆ ಎರಡು-ಮೂರು ರೂಪಾಯಿ ಸೇರಿಸಿಯೇ ಹಿಡಿಯಿರಿ. ಎರಡು-ಎರಡೂವರೆ ವರ್ಷದ ಓದಿನಲ್ಲಿ ರೂಪಾಯಿ ಇದ್ದಲ್ಲೇ ಇರುವುದಿಲ್ಲ.

ಜರ್ಮನಿಯಲ್ಲಿ ಫೀಸೇ ಇಲ್ಲ, 12 ಲಕ್ಷ ಇದ್ದರೆ ಸಾಕು ಎಂದು ಏಜೆಂಟರು ಹೇಳುತ್ತಾರೆ. ಮಗ ಮೆಕ್ಯಾನಿಕಲ್ ಮುಗಿಸಿದ್ದಾನೆ. ನಿಜವಾಗಿ ಒಟ್ಟು ಎಷ್ಟಾಗಬಹುದು?
*ಓದುಗರೊಬ್ಬರು, ದಾವಣಗೆರೆ*

ಏಜೆಂಟರು ಹೇಳಿದ 12 ಲಕ್ಷ ಒಂದು ವರ್ಷದ ಮೊತ್ತ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ಮೊದಲೇ ಹಣ ಇಟ್ಟು ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆ) ತೋರಿಸಬೇಕಾದ 11,904 ಯೂರೋ ಅದು, ನಮ್ಮ ಲೆಕ್ಕದಲ್ಲಿ ಸುಮಾರು 12.5 ಲಕ್ಷ. ಓದು ಒಂದೇ ವರ್ಷಕ್ಕೆ ಮುಗಿಯುವುದಿಲ್ಲ.

ಮೊದಲು ಫೀಸಿನ ಮಾತು. ಬಹುತೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಎನ್ನುವುದು ನಿಜ. ಆದರೆ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ ಯೂರೋಪಿನ ಒಕ್ಕೂಟದ ಹೊರಗಿನಿಂದ ಬಂದವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಇದೆ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡೆಲ್‌ಬೆರ್ಗ್, ಫ್ರೈಬುರ್ಗ್, ಮಾನ್‌ಹೈಮ್ ಎಲ್ಲ ಈ ರಾಜ್ಯದಲ್ಲೇ ಬರುತ್ತವೆ. ಮೆಕ್ಯಾನಿಕಲ್ ಹುಡುಗರು ಹೆಚ್ಚಾಗಿ ಅರ್ಜಿ ಹಾಕುವುದೂ ಇಲ್ಲಿಗೇ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ ತೆಗೆದುಕೊಳ್ಳುತ್ತಿದೆ. ನಾಲ್ಕು ಸೆಮಿಸ್ಟರಿಗೆ ಅದೇ 16,000ದಿಂದ 24,000 ಯೂರೋ, ಅಂದರೆ 17ರಿಂದ 25 ಲಕ್ಷ. ಅಣ್ಣನೋ ಅಕ್ಕನೋ ನಾಲ್ಕು ವರ್ಷದ ಹಿಂದೆ ಅಲ್ಲೇ ಫೀಸಿಲ್ಲದೆ ಓದಿದ್ದಾರೆ ಎಂಬ ಮಾತನ್ನು ಇವತ್ತಿನ ಲೆಕ್ಕಕ್ಕೆ ಹಿಡಿಯಬೇಡಿ.

ಖಾಸಗಿ ವಿಶ್ವವಿದ್ಯಾಲಯಗಳದ್ದು ಬೇರೆಯೇ ಕಥೆ. ವರ್ಷಕ್ಕೆ 10,000 ಯೂರೋ ಮೀರುವುದು ಅಲ್ಲಿ ಸಾಮಾನ್ಯ. ಏಜೆಂಟರಿಗೆ ಕಮಿಷನ್ ಬರುವುದು ಸಾಮಾನ್ಯವಾಗಿ ಈ ಕಡೆಯಿಂದ. ‘ಜರ್ಮನಿ’ ಎಂದು ಮಾತು ಶುರುಮಾಡಿ ಕೊನೆಗೆ ನಿಮ್ಮ ಕೈಗೆ ಖಾಸಗಿ ಕಾಲೇಜಿನ ಆಫರ್ ಲೆಟರ್ ಕೊಟ್ಟರೆ ಅಲ್ಲೇ ನಿಲ್ಲಿಸಿ, ಫೀಸಿನ ಪುಟ ತೆರೆಸಿ ನೋಡಿ.

ಇನ್ನು ಒಟ್ಟು ಲೆಕ್ಕ. ನಾಲ್ಕು ಸೆಮಿಸ್ಟರಿನ ಕೋರ್ಸನ್ನು ನಾಲ್ಕರಲ್ಲೇ ಮುಗಿಸುವವರಿದ್ದಾರೆ, ಆದರೆ ಇಂಟರ್ನ್‌ಶಿಪ್ ಮತ್ತು ಥೀಸಿಸ್ ಸೇರಿ ಐದು ಸೆಮಿಸ್ಟರ್ ಹಿಡಿಯುವುದು ಜಾಣತನ. ಮಾಗ್ಡೆಬುರ್ಗ್, ಕೆಮ್ನಿಟ್ಸ್‌ನಂಥ ಬಾಡಿಗೆ ಕಡಿಮೆಯಿರುವ ಊರಿನಲ್ಲಿ ತಿಂಗಳಿಗೆ 930 ಯೂರೋ ಹಿಡಿದರೆ 30 ತಿಂಗಳಿಗೆ 27,900 ಯೂರೋ, ಸುಮಾರು 29.3 ಲಕ್ಷ ರೂಪಾಯಿ. ಹೊರಡುವ ಮುಂಚಿನ ಖರ್ಚು ಬೇರೆ. ಪದವಿಯ ಕಾಗದಪತ್ರ ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ, ಐಇಎಲ್‌ಟಿಎಸ್‌ಗೆ ಹೆಚ್ಚುಕಡಿಮೆ ಅಷ್ಟೇ. ವಿದೇಶಿ ಅರ್ಜಿಗಳನ್ನು ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಯ ಮೂಲಕ ಅರ್ಜಿ ಹಾಕಿದರೆ ಮೊದಲನೆಯದಕ್ಕೆ 75 ಯೂರೋ, ಆಮೇಲೆ ಒಂದೊಂದಕ್ಕೂ 30. ಆರು ಕಡೆ ಹಾಕಿದರೆ 225 ಯೂರೋ ಆಗುತ್ತದೆ. ವೀಸಾ ಶುಲ್ಕ 75 ಯೂರೋ. ಒಂದು ಕಡೆಯ ವಿಮಾನ ಟಿಕೆಟ್, ಬ್ಲಾಕ್ಡ್ ಅಕೌಂಟ್ ತೆರೆಯುವ ಶುಲ್ಕ ಎಲ್ಲ ಸೇರಿ ಒಂದೂಕಾಲರಿಂದ ಒಂದೂವರೆ ಲಕ್ಷ.

ಹೀಗಾಗಿ ಫೀಸಿಲ್ಲದ ಕಡೆಯೂ 31 ಲಕ್ಷ. ಬಾಡೆನ್-ವ್ಯೂರ್ಟೆಂಬೆರ್ಗ್ ಆದರೆ ಐದು ಸೆಮಿಸ್ಟರಿಗೆ ಇನ್ನೂ 7,500 ಯೂರೋ, ಸುಮಾರು 7.9 ಲಕ್ಷ ಸೇರುತ್ತದೆ. ಮಗ ಅಲ್ಲಿ ದುಡಿದು ಒಂದಷ್ಟು ಇಳಿಸುತ್ತಾನೆ, ನಿಜ. ಆದರೆ ಆ ದುಡಿಮೆ ಯಾವ ತಿಂಗಳಿನಿಂದ ಶುರುವಾಗುತ್ತದೆ ಎನ್ನುವುದು ಮುಖ್ಯ. ಮುಂದಿನ ಉತ್ತರಗಳಲ್ಲಿ ಆ ಮಾತು ಬರುತ್ತದೆ.

ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 992 ಯೂರೋ ಬರುತ್ತದಲ್ಲ, ಅಷ್ಟರಲ್ಲಿ ಬದುಕಬಹುದೇ?
*ವಿದ್ಯಾರ್ಥಿನಿ, ತುಮಕೂರು*

ಊರಿನ ಮೇಲೆ ಹೋಗುತ್ತದೆ. ವೀಸಾ ಅಧಿಕಾರಿಗಳು ಇಡೀ ದೇಶಕ್ಕೆ ಇಟ್ಟ ಕನಿಷ್ಠ ಮೊತ್ತ ಅದು. ಅದನ್ನು ನಿಮ್ಮ ಊರಿನ ಬಜೆಟ್ ಎಂದು ಓದಬೇಡಿ.

ಕಡಿಮೆ ಬಾಡಿಗೆಯ ಊರಿನ ಒಂದು ತಿಂಗಳು ಹೀಗಿರುತ್ತದೆ: ಕೋಣೆಗೆ 380, ಆರೋಗ್ಯ ವಿಮೆ 145, ದಿನಸಿ 200, ಮೆನ್ಸಾ ಎನ್ನುವ ವಿಶ್ವವಿದ್ಯಾಲಯದ ಕ್ಯಾಂಟೀನಿಗೆ 50, ಫೋನು 10, ರೇಡಿಯೋ-ಟೀವಿ ಶುಲ್ಕದ ಪಾಲು 6, ಬಟ್ಟೆಬರೆಗೆ 30, ಇತರೆ 60. ಇದರ ಜೊತೆಗೆ ಪ್ರತಿ ತಿಂಗಳೂ 50 ಯೂರೋ ತೆಗೆದಿಡಿ. ಅದು ಆರು ತಿಂಗಳಿಗೊಮ್ಮೆ ಬರುವ ಸೆಮಿಸ್ಟರ್ ಕಾಣಿಕೆಗೆ, ಅಂದರೆ ಬೋಧನಾ ಶುಲ್ಕ ಇಲ್ಲದ ಕಡೆಯೂ ವಿಶ್ವವಿದ್ಯಾಲಯಕ್ಕೆ ಕಟ್ಟಬೇಕಾದ ಮೊತ್ತಕ್ಕೆ. ಒಟ್ಟು 931. ಮ್ಯೂನಿಕ್‌ನಲ್ಲಿ ಖಾಸಗಿ ಕೋಣೆ 750 ಹಿಡಿದರೆ ಅದೇ ಲೆಕ್ಕ 1,301 ಆಗುತ್ತದೆ. 992ರಲ್ಲಿ ತಿಂಗಳಿಗೆ 309 ಕಮ್ಮಿ ಬೀಳುತ್ತದೆ, ವರ್ಷಕ್ಕೆ 3,708 ಯೂರೋ ಕಮ್ಮಿ. ಸುಮಾರು 3.9 ಲಕ್ಷ ರೂಪಾಯಿ, ಅದೂ ಬರೀ ಬಾಡಿಗೆಯ ವ್ಯತ್ಯಾಸದಿಂದ. ಎರಡು ಕಡೆ ಸೀಟು ಸಿಕ್ಕಾಗ ರ‍್ಯಾಂಕಿಂಗ್ ಪಟ್ಟಿಯ ಪಕ್ಕ ಈ ಅಂಕಿಯನ್ನೂ ಬರೆದಿಟ್ಟುಕೊಳ್ಳಿ.

ಬಾಡಿಗೆ ಜಾಹೀರಾತಿನಲ್ಲಿ ಎರಡು ಪದ ನೋಡಿಕೊಳ್ಳಿ. ‘ಕಾಲ್ಟ್‌ಮೀಟೆ’ ಅಂದರೆ ಬರೀ ಕೋಣೆಯ ಬಾಡಿಗೆ. ‘ವಾರ್ಮ್‌ಮೀಟೆ’ ಅಂದರೆ ಹೀಟರು, ನೀರು, ಕಸ ಎಲ್ಲ ಸೇರಿದ್ದು. 280 ಎಂದು ನೋಡಿ ಖುಷಿಪಟ್ಟ ಕೋಣೆ ಕೈಗೆ ಬರುವಾಗ 380 ಆಗುವುದು ಹೀಗೆ. ವಾರ್ಮ್‌ಮೀಟೆಯಲ್ಲೂ ಕರೆಂಟು, ಇಂಟರ್‌ನೆಟ್ ಸೇರಿದೆಯೇ ಎಂದು ಕೇಳಬೇಕು. ವರ್ಷದ ಕೊನೆಗೆ ಹೀಟರಿನ ಲೆಕ್ಕ ಮಾಡಿ ಹೆಚ್ಚು ಸುಟ್ಟಿದ್ದರೆ ಬಾಕಿ ಬಿಲ್ಲು ಕಳಿಸುತ್ತಾರೆ. ಕಿಟಕಿ ಓರೆ ತೆರೆದಿಟ್ಟು ಹೀಟರ್ ಹಾಕಿಕೊಂಡು ಮಲಗಿದವರಿಗೆ ಈ ಬಿಲ್ಲು 200-300 ಯೂರೋ ಬಂದರೂ ಬಂತು.

ಎಲ್ಲಕ್ಕಿಂತ ಅಗ್ಗದ್ದು ‘ಸ್ಟುಡೀರೆಂಡೆನ್‌ವೆರ್ಕ್’ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ಹಾಸ್ಟೆಲ್. ಕಾಯುವ ಪಟ್ಟಿ ದೊಡ್ಡ ಊರುಗಳಲ್ಲಿ ಒಂದು-ಎರಡು ಸೆಮಿಸ್ಟರ್ ಉದ್ದ ಇರುತ್ತದೆ. ವೀಸಾ ಬರಲಿ ಆಮೇಲೆ ನೋಡೋಣ ಎಂದು ಕೂತರೆ ತಪ್ಪುತ್ತದೆ. ಅರ್ಜಿ ತೆಗೆದುಕೊಳ್ಳುವ ಕಡೆ ಪ್ರವೇಶ ಪತ್ರ ಬಂದ ದಿನವೇ ಹಾಕಿ.

ರೇಡಿಯೋ-ಟೀವಿ ಶುಲ್ಕ ಅಂದೆವಲ್ಲ, ಅದು ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಟೀವಿ ಇರಲಿ ಬಿಡಲಿ, ವಿಳಾಸ ನೋಂದಾಯಿಸಿದ ಕೆಲವು ವಾರಕ್ಕೆ ಪತ್ರ ಬರುತ್ತದೆ. ಮೂವರು ಒಂದೇ ಮನೆಯಲ್ಲಿದ್ದರೆ ಒಬ್ಬರು ಕಟ್ಟಿದರೆ ಸಾಕು, ಉಳಿದವರು ಆ ಒಬ್ಬರ ಶುಲ್ಕದ ಸಂಖ್ಯೆ ಬರೆದು ಉತ್ತರಿಸಬೇಕು. ಪತ್ರವನ್ನು ಹಾಗೇ ಬಿಟ್ಟರೆ ಮೂವರ ಮೇಲೂ ಬಾಕಿ ಏರುತ್ತದೆ.

11,904 ಯೂರೋ ಕಳಿಸಲು ಬ್ಯಾಂಕಿಗೆ ಹೋದರೆ ಟಿಸಿಎಸ್, ಜಿಎಸ್‌ಟಿ ಎಂದು ಏನೇನೋ ಹೇಳಿದರು. ಎಷ್ಟು ಹಣ ಹೆಚ್ಚುವರಿ ಇಟ್ಟುಕೊಳ್ಳಬೇಕು?
*ಶಿಕ್ಷಕಿ, ಮೈಸೂರು*

ನಿಮ್ಮ 12,49,920 ರೂಪಾಯಿಯ ಮೇಲೆ ನಾಲ್ಕು ಕಡೆ ಹಣ ಹೋಗುತ್ತದೆ. ಒಂದೊಂದಾಗಿ ನೋಡಿ.

ಜಿಎಸ್‌ಟಿ ಹೆಸರು ಕೇಳಿ ಹೆದರುವುದು ಬೇಡ. ಅದು ಇಡೀ ಮೊತ್ತದ ಮೇಲಲ್ಲ, ಕರೆನ್ಸಿ ಬದಲಾಯಿಸುವ ಸೇವೆಯ ಮೇಲೆ. 10 ಲಕ್ಷ ಮೀರಿದ ಮೊತ್ತಕ್ಕೆ ಸೇವೆಯ ಮೌಲ್ಯವನ್ನು 5,500 ರೂಪಾಯಿ, ಜೊತೆಗೆ 10 ಲಕ್ಷದ ಮೇಲಿನದಕ್ಕೆ ಶೇ 0.1 ಎಂದು ಹಿಡಿಯುತ್ತಾರೆ. ನಿಮಗೆ ಅದು 5,750. ಅದರ ಶೇ 18 ಅಂದರೆ 1,035 ರೂಪಾಯಿ, ಅಷ್ಟೇ.

ಟಿಸಿಎಸ್ ಖರ್ಚಲ್ಲ, ಮುಂಗಡ ತೆರಿಗೆ. 2025ರ ಏಪ್ರಿಲ್ 1ರಿಂದ ಒಂದು ಆರ್ಥಿಕ ವರ್ಷದಲ್ಲಿ ಒಂದು ಪ್ಯಾನ್ ಮೇಲೆ 10 ಲಕ್ಷದವರೆಗೆ ಟಿಸಿಎಸ್ ಇಲ್ಲ. 2025-26ರ ಲೆಕ್ಕದಲ್ಲಿ ಓದಿಗೆಂದು ಸ್ವಂತ ಹಣ ಕಳಿಸಿದರೆ 10 ಲಕ್ಷದ ಮೇಲಿನದಕ್ಕೆ ಶೇ 5 ಇತ್ತು. ಆ ದರದಲ್ಲಿ ನಿಮ್ಮ 2,49,920ಕ್ಕೆ 12,496 ರೂಪಾಯಿ. ಬ್ಯಾಂಕಿನ ಶಿಕ್ಷಣ ಸಾಲದ ಹಣವಾದರೆ ಟಿಸಿಎಸ್ ಇಲ್ಲವೇ ಇಲ್ಲ. ದರವನ್ನು ಬಜೆಟ್ಟುಗಳು ಬದಲಿಸುತ್ತಿರುತ್ತವೆ, ಕಳಿಸುವ ವರ್ಷದ ದರವನ್ನು ಕೌಂಟರಿನಲ್ಲಿ ಕೇಳಿಕೊಳ್ಳಿ.

ಎಡವುವುದು ಹಣ ಕಳಿಸಲು ಬ್ಯಾಂಕಿಗೆ ಕೊಡುವ ಫಾರ್ಮ್ ಎ2 ತುಂಬುವಾಗ. ಅದರಲ್ಲಿ ಉದ್ದೇಶದ ಕೋಡ್ ಎಂಬ ಕಾಲಂ ಇದೆ. ವಿದೇಶದ ಓದಿಗೆ ಎಸ್0305. ಮಗನ ಖಾತೆಗೆ ಹೋಗುವ ಹಣ ಎಂದು ಗುಮಾಸ್ತರು ಅಭ್ಯಾಸಬಲದಿಂದ ಕುಟುಂಬ ನಿರ್ವಹಣೆಯ ಎಸ್1301 ಹಾಕಿಬಿಟ್ಟರೆ ಅದೇ 2,49,920ಕ್ಕೆ ಶೇ 20ರಂತೆ 49,984 ರೂಪಾಯಿ ಹಿಡಿಯುತ್ತಾರೆ. ವಾಪಸ್ ಬರುವುದು ಮುಂದಿನ ವರ್ಷದ ರಿಟರ್ನ್ಸ್ ಆದಮೇಲೆ. ಮಗ ಹೊರಡುವ ತಿಂಗಳಲ್ಲಿ 50,000 ರೂಪಾಯಿ ಸಿಕ್ಕಿಹಾಕಿಕೊಂಡರೆ ಎಷ್ಟು ಕಷ್ಟ ಎಂದು ನಿಮಗೇ ಗೊತ್ತು. ಸಹಿ ಹಾಕುವ ಮೊದಲು ಆ ಒಂದು ಕಾಲಂ ಓದಿ. ಪ್ರವೇಶ ಪತ್ರದ ಪ್ರತಿ ಜೊತೆಗಿಡಿ.

ನೀವೂ ನಿಮ್ಮ ಯಜಮಾನರೂ ಇಬ್ಬರೂ ನಿಮ್ಮ ನಿಮ್ಮ ಖಾತೆಯಿಂದ ಅರ್ಧರ್ಧ ಕಳಿಸಿದರೆ ಇಬ್ಬರದ್ದೂ 10 ಲಕ್ಷದೊಳಗೆ ಬರುತ್ತದೆ, ಟಿಸಿಎಸ್ಸೇ ಬೀಳುವುದಿಲ್ಲ. ಎರಡು ಕಂತಿನಲ್ಲಿ ಇಬ್ಬರಿಂದ ಬಂದರೆ ಒಪ್ಪುತ್ತೀರಾ ಎಂದು ಬ್ಲಾಕ್ಡ್ ಅಕೌಂಟ್ ಕಂಪನಿಗೆ ಮೊದಲೇ ಇಮೇಲ್ ಮಾಡಿ ಕೇಳಿ. ಟಿಸಿಎಸ್ ಹಿಡಿದರೆ ಅದು ಯಾರ ಪ್ಯಾನಿನಿಂದ ಹಣ ಹೋಯಿತೋ ಅವರ ಆದಾಯ ತೆರಿಗೆ ವಿವರಪಟ್ಟಿಯಲ್ಲಿ ಕಾಣುತ್ತದೆ. ಅವರೇ ರಿಟರ್ನ್ಸ್ ಹಾಕಿ ಹೊಂದಿಸಿಕೊಳ್ಳಬೇಕು. ತೆರಿಗೆ ಬರದ ನಿವೃತ್ತ ಅಜ್ಜನ ಖಾತೆಯಿಂದ ಕಳಿಸಿದರೂ ಅವರು ರಿಟರ್ನ್ಸ್ ಹಾಕಿದರೇ ಹಣ ವಾಪಸ್.

ಮೂರನೆಯದು ವಿನಿಮಯ ದರ. ನಿಜವಾದ ಖರ್ಚು ಇರುವುದು ಇಲ್ಲಿ, ಯಾವ ರಸೀದಿಯಲ್ಲೂ ಕಾಣುವುದಿಲ್ಲ. ಮಾರುಕಟ್ಟೆ ದರಕ್ಕಿಂತ ಯೂರೋಗೆ ಒಂದೂವರೆ ರೂಪಾಯಿ ಹೆಚ್ಚು ಹಿಡಿದರೆ 11,904 ಯೂರೋಗೆ 17,856 ರೂಪಾಯಿ ಹೋಯಿತು. ಬೆಳಿಗ್ಗೆ 10ರಿಂದ 12ರೊಳಗೆ ಎರಡು ಬ್ಯಾಂಕು, ಒಂದು ಅಧಿಕೃತ ವಿನಿಮಯ ಸಂಸ್ಥೆಯ ದರ ಒಂದೇ ಹೊತ್ತಿಗೆ ಕೇಳಿ. ‘ಎಲ್ಲಾ ಸೇರಿ 11,904 ಯೂರೋ ತಲುಪಿಸಲು ನನ್ನ ಖಾತೆಯಿಂದ ಎಷ್ಟು ರೂಪಾಯಿ ಹೋಗುತ್ತದೆ?’ ಎಂದೇ ಕೇಳಿ. ದರ ಎಷ್ಟು ಎಂದಷ್ಟೇ ಕೇಳಿದರೆ ಉಳಿದದ್ದು ತಿಳಿಯುವುದಿಲ್ಲ. ಹಳೆಯ ಗ್ರಾಹಕರಾಗಿದ್ದರೆ ಮ್ಯಾನೇಜರ್ ಹತ್ತಿರ 30-40 ಪೈಸೆ ಕಡಿಮೆ ಮಾಡಿಸಿಕೊಳ್ಳಬಹುದು. ನಾಚಿಕೆ ಬೇಡ.

ನಾಲ್ಕನೆಯದು ಮಧ್ಯದ ಬ್ಯಾಂಕಿನ ಶುಲ್ಕ. ಹಣ ನೇರವಾಗಿ ಹೋಗುವುದಿಲ್ಲ, ನಡುವೆ ಇನ್ನೊಂದು ಬ್ಯಾಂಕು 15-25 ಯೂರೋ ಕತ್ತರಿಸಬಹುದು. ಅಲ್ಲಿ 11,884 ತಲುಪಿದರೆ ದೃಢೀಕರಣ ಪತ್ರ ಕೊಡುವುದಿಲ್ಲ, ವೀಸಾ ಅಪಾಯಿಂಟ್‌ಮೆಂಟಿಗೆ ಒಂದು ವಾರ ಇರುವಾಗ 20 ಯೂರೋಗಾಗಿ ಮತ್ತೆ ಬ್ಯಾಂಕಿಗೆ ಓಡಬೇಕಾಗುತ್ತದೆ. ಶುಲ್ಕದ ಆಯ್ಕೆಯಲ್ಲಿ ಇಂಗ್ಲಿಷಿನ ‘ಅವರ್’ (OUR) ಎಂಬುದನ್ನು ಗುರುತು ಮಾಡಿ, ಅಂದರೆ ಎಲ್ಲ ಶುಲ್ಕ ಕಳಿಸುವವರದ್ದು. ಅಷ್ಟಾದರೂ 30-50 ಯೂರೋ ಹೆಚ್ಚಿಗೇ ಕಳಿಸಿ. ಹೆಚ್ಚಾದದ್ದು ಮಗನ ಖಾತೆಯಲ್ಲೇ ಇರುತ್ತದೆ.

ನಮ್ಮದು ಮೂರು ಎಕರೆ ಅಡಿಕೆ ತೋಟ. ಅದನ್ನಿಟ್ಟು ಮಗಳಿಗೆ 20 ಲಕ್ಷ ಶಿಕ್ಷಣ ಸಾಲ ಸಿಗುತ್ತದೆಯೇ?
*ಕೃಷಿಕರು, ಶಿರಸಿ*

ತೋಟದ ಬೆಲೆ ಎಷ್ಟೇ ಇರಲಿ, ಕೃಷಿ ಜಮೀನನ್ನು ಬಹುತೇಕ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಅಡಮಾನವಾಗಿ ಒಪ್ಪುವುದಿಲ್ಲ. ಇದನ್ನು ಬೇಗ ತಿಳಿದುಕೊಂಡಷ್ಟೂ ಒಳ್ಳೆಯದು. ಜೂನ್‌ನಲ್ಲಿ ಪ್ರವೇಶ ಸಿಕ್ಕಿ ಜುಲೈನಲ್ಲಿ ಬ್ಯಾಂಕು ಇಲ್ಲ ಅಂದರೆ ಬೇರೆ ದಾರಿ ಹುಡುಕಲು ಹೊತ್ತಿರುವುದಿಲ್ಲ.

ನಡೆಯುವುದು ಯಾವುದೆಂದರೆ: ಪೇಟೆಯಲ್ಲಿ ಮನೆ ಅಥವಾ ಭೂಪರಿವರ್ತನೆಯಾದ ನಿವೇಶನ, ನಿಶ್ಚಿತ ಠೇವಣಿ, ಜೀವವಿಮೆಯ ಸರೆಂಡರ್ ಮೌಲ್ಯ. ಊರಿನ ಮನೆ ಗ್ರಾಮಪಂಚಾಯತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳುತ್ತಾರೆ. ಜೊತೆಗೆ ಋಣಭಾರ ಪತ್ರ, ಕ್ರಯಪತ್ರದ ಮೂಲ, ತೆರಿಗೆ ರಸೀದಿ. ಮನೆ ಇನ್ನೂ ತಂದೆಯವರ ಹೆಸರಿನಲ್ಲಿದ್ದು ಅಣ್ಣ-ತಮ್ಮಂದಿರ ಪಾಲಾಗಿಲ್ಲ ಎಂದಾದರೆ ಬ್ಯಾಂಕಿನ ವಕೀಲರು ಅಲ್ಲೇ ನಿಲ್ಲಿಸುತ್ತಾರೆ. ಈ ಕಾಗದಗಳನ್ನು ಸರಿಮಾಡಿಸಲು ಮೂರ್ನಾಲ್ಕು ತಿಂಗಳು ಬೇಕು. ಮಗಳು ಅರ್ಜಿ ಹಾಕುವ ಕಾಲಕ್ಕೇ ನೀವೂ ಶುರುಮಾಡಿ. ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ಆಸ್ತಿ ಕೇಳುವುದಿಲ್ಲ. ಠೇವಣಿ ಒಂದಷ್ಟು ಇದ್ದರೆ ಅದನ್ನೂ ಇದನ್ನೂ ಸೇರಿಸಿ ಮೊದಲ ವರ್ಷ ದಾಟಿಸಬಹುದು.

ಇನ್ನೂ ಎರಡು ಮಾತು. ವಿದೇಶದ ಓದಿಗೆ ಬ್ಯಾಂಕುಗಳು ಶೇ 15ರಷ್ಟು ನಿಮ್ಮ ಪಾಲು ಕೇಳುವುದು ರೂಢಿ. 20 ಲಕ್ಷದ ಖರ್ಚಿಗೆ 3 ಲಕ್ಷ ನಿಮ್ಮದು. ಹಾಗೆಯೇ, ಫೀಸಿಲ್ಲದ ಕೋರ್ಸಿಗೆ ಸಾಲ ಏಕೆ ಎಂದು ಕೇಳುವ ಶಾಖೆಗಳುಂಟು. ಮಂಜೂರಾತಿ ಪತ್ರದಲ್ಲಿ ‘ಬ್ಲಾಕ್ಡ್ ಅಕೌಂಟಿಗೆ 11,904 ಯೂರೋ’ ಎಂದು ಬೇರೆ ಸಾಲಿನಲ್ಲಿ ಬರೆಸಿ. ‘ಜೀವನವೆಚ್ಚ’ ಎಂದಷ್ಟೇ ಇದ್ದರೆ ಆರು ತಿಂಗಳಿಗೊಮ್ಮೆ ಕಂತಿನಲ್ಲಿ ಬಿಡುತ್ತೇವೆ ಎನ್ನುತ್ತಾರೆ, ವೀಸಾಕ್ಕೆ ಅದು ನಡೆಯದು.

ಓದುವಾಗ ಕಂತು ಕಟ್ಟಬೇಕಿಲ್ಲ ಎನ್ನುವುದು ನಿಜ, ಆದರೆ ಬಡ್ಡಿ ನಿಲ್ಲುವುದಿಲ್ಲ. 20 ಲಕ್ಷ ಪೂರ್ತಿ ಪಡೆದು ಶೇ 10.5 ಬಡ್ಡಿಯಾದರೆ ತಿಂಗಳಿಗೆ 17,500. ಎರಡು ವರ್ಷ ಓದು, ಮೇಲೊಂದು ವರ್ಷ ಬಿಡುವು, ಒಟ್ಟು 6.3 ಲಕ್ಷ ಬಡ್ಡಿ ಅಸಲಿಗೆ ಸೇರಿ 26.3 ಲಕ್ಷ ಆಗುತ್ತದೆ. ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 35,500. ಆ ಮೂರು ವರ್ಷ ಬಡ್ಡಿಯನ್ನು ಮಾತ್ರ ಕಟ್ಟಿಕೊಂಡು ಬಂದಿದ್ದರೆ ಕಂತು ಸುಮಾರು 27,000. ತಿಂಗಳಿಗೆ 8,500ರ ವ್ಯತ್ಯಾಸ ಹತ್ತು ವರ್ಷ. ನಿಮಗೆ ಅಡಿಕೆ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ಮಾರಾಟದ ಹೊತ್ತಿಗೆ ಬರುತ್ತದೆ. ಆ ಹೊತ್ತಿಗೆ ವರ್ಷದ ಬಡ್ಡಿ ಒಟ್ಟಿಗೆ ಕಟ್ಟಿಬಿಡಿ. ಯಾವ ಬ್ಯಾಂಕೂ ಬೇಡ ಅನ್ನುವುದಿಲ್ಲ. ಕಟ್ಟಿದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಬಗ್ಗೆಯೂ ಕೇಳಿದ್ದೀರಿ. ಅದು ಭಾರತದೊಳಗಿನ ಸಂಸ್ಥೆಗಳಿಗೆ ಮಾತ್ರ.

ಅಕ್ಟೋಬರ್ 1ಕ್ಕೆ ತಲುಪುತ್ತೇನೆ. ಬ್ಲಾಕ್ಡ್ ಅಕೌಂಟ್ ಇರುವಾಗ ಕೈಯಲ್ಲಿ 500 ಯೂರೋ ಸಾಕಲ್ಲವೇ?
*ವಿದ್ಯಾರ್ಥಿ, ಹುಬ್ಬಳ್ಳಿ*

ಸಾಲದು. ಈ ಅಂಕಣದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ ಎನ್ನುತ್ತೇವೆ. ಹೋದವರು ಕಂಗಾಲಾಗುವುದು ಒಟ್ಟು ಹಣ ಸಾಲದೆ ಅಲ್ಲ, ಮೊದಲ ಎರಡು ತಿಂಗಳು ಇದ್ದ ಹಣ ಕೈಗೆ ಸಿಗದೆ.

ಬ್ಲಾಕ್ಡ್ ಅಕೌಂಟ್ ತಾನಾಗಿ ಹಣ ಬಿಡುವುದಿಲ್ಲ. ಅದಕ್ಕೊಂದು ಸರಪಳಿ ಇದೆ. ಮೊದಲು ಕೋಣೆ ಸಿಗಬೇಕು. ಮನೆ ಮಾಲೀಕರು ‘ಇವರು ಇಲ್ಲಿ ವಾಸಕ್ಕೆ ಬಂದಿದ್ದಾರೆ’ ಎಂಬ ಪತ್ರಕ್ಕೆ ಸಹಿ ಮಾಡಿಕೊಡಬೇಕು. ಅದನ್ನು ಹಿಡಿದು ಪೌರಕಚೇರಿಯಲ್ಲಿ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಇದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಅಕ್ಟೋಬರಿನಲ್ಲಿ ಎಲ್ಲ ವಿದ್ಯಾರ್ಥಿಗಳೂ ಒಟ್ಟಿಗೆ ಬರುವುದರಿಂದ ಅಪಾಯಿಂಟ್‌ಮೆಂಟ್ ಮೂರು ವಾರ ಮುಂದಕ್ಕೆ ಸಿಗುವುದುಂಟು. ನೋಂದಣಿ ಪತ್ರ ಬಂದಮೇಲೆ ಬ್ಯಾಂಕಿನಲ್ಲಿ ಚಾಲ್ತಿ ಖಾತೆ. ಕೆಲವು ಆನ್‌ಲೈನ್ ಬ್ಯಾಂಕುಗಳು ಪಾಸ್‌ಪೋರ್ಟ್ ಮೇಲೆಯೇ ಖಾತೆ ತೆರೆಯುತ್ತವೆ, ಬಹಳಷ್ಟು ತೆರೆಯುವುದಿಲ್ಲ. ಆ ಖಾತೆಯ ಸಂಖ್ಯೆ, ದಾಖಲೆಗಳು ಬ್ಲಾಕ್ಡ್ ಅಕೌಂಟ್ ಕಂಪನಿಗೆ ಹೋಗಿ, ಅವರು ಪರಿಶೀಲಿಸಿ, ಆಮೇಲೆ ಮೊದಲ 992. ಎಲ್ಲ ಸಲೀಸಾದರೆ ನವೆಂಬರ್ ಮೊದಲ ವಾರ. ಒಂದು ಕೊಂಡಿ ತಪ್ಪಿದರೆ ನವೆಂಬರ್ ಕೊನೆ.

ಅಷ್ಟರೊಳಗೆ ಖರ್ಚೇನು? ಎರಡು ತಿಂಗಳ ಬಾಡಿಗೆ 760. ಮುಂಗಡ ಎರಡು ತಿಂಗಳ ಕಾಲ್ಟ್‌ಮೀಟೆ 560. ಸೆಮಿಸ್ಟರ್ ಕಾಣಿಕೆ 300. ಎರಡು ತಿಂಗಳ ವಿಮೆ 290. ವಾಸ ಪರವಾನಗಿ 100. ಹಾಸಿಗೆ-ಹೊದಿಕೆ, ಪಾತ್ರೆ 150. ಊಟ-ದಿನಸಿ 440. ಸೆಮಿಸ್ಟರ್ ಟಿಕೆಟ್ ಎನ್ನುವ ವಿದ್ಯಾರ್ಥಿ ಬಸ್ಸು-ರೈಲು ಪಾಸು ಕೈಗೆ ಬರುವವರೆಗೆ, ಎಲ್ಲರಿಗೂ ಸಿಗುವ ತಿಂಗಳ ಪಾಸಾದ ಡಾಯಿಚ್‌ಲಾಂಡ್ ಟಿಕೆಟ್ ಒಂದು ತಿಂಗಳಿಗೆ 63. ಸಿಮ್ 20. ಒಟ್ಟು 2,683 ಯೂರೋ, ಸುಮಾರು 2.8 ಲಕ್ಷ ರೂಪಾಯಿ. ಇದು ಬ್ಲಾಕ್ಡ್ ಅಕೌಂಟಿನ ಹಣದ ಹೊರಗೆ ಬೇಕು. 400-500 ನಗದು, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ ಇರಲಿ. ಮನೆಯಲ್ಲಿ ಒಬ್ಬರು ಆ ಕಾರ್ಡಿಗೆ ಆನ್‌ಲೈನಿನಲ್ಲೇ ಹಣ ತುಂಬುವುದನ್ನು ನೀವು ಹೊರಡುವ ಮೊದಲೇ ಒಮ್ಮೆ ಮಾಡಿ ನೋಡಿರಲಿ.

ಇದರಲ್ಲಿ ಎರಡು ವಿಷಯ ಬಿಡಿಸಿ ಹೇಳಬೇಕು. ಮುಂಗಡ, ಅಂದರೆ ‘ಕೌಟ್ಸಿಯೋನ್’, ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಕೋಣೆಗೆ ಕಾಲಿಟ್ಟ ದಿನವೇ ಗೋಡೆ, ನೆಲ, ಸಿಂಕು, ಕಿಟಕಿಯ ಫೋಟೋ ತೆಗೆದು ಮಾಲೀಕರಿಗೆ ಇಮೇಲ್ ಮಾಡಿ. ಬಿಟ್ಟುಹೋಗುವಾಗ ಹಳೆಯ ಗೀರಿಗೆ ನಿಮ್ಮ ಮುಂಗಡ ಹಿಡಿಯದಂತೆ ಅದೇ ಆಧಾರ.

ಎರಡನೆಯದು ಮೋಸ. ‘ನಾನೀಗ ಬೇರೆ ದೇಶದಲ್ಲಿದ್ದೇನೆ, ಮುಂಗಡ ಕಳಿಸಿ, ಕೀಲಿಕೈ ಕೊರಿಯರ್ ಮಾಡುತ್ತೇನೆ’ ಎನ್ನುವವರೆಲ್ಲ ಮೋಸಗಾರರೇ. ಮನೆ ನೋಡದೆ, ಒಪ್ಪಂದ ಕೈಗೆ ಬಾರದೆ ಒಂದು ಯೂರೋನೂ ಕಳಿಸಬೇಡಿ. ಹಾಗೆಯೇ ‘ಆನ್‌ಮೆಲ್ಡುಂಗ್ ಆಗುವುದಿಲ್ಲ’ ಎಂದ ಕೋಣೆ ಎಷ್ಟು ಅಗ್ಗವಾದರೂ ಬೇಡ. ಸರಪಳಿಯ ಮೊದಲ ಕೊಂಡಿಯೇ ಅಲ್ಲಿ ಇಲ್ಲ.

ನನಗೀಗ 29. ಖಾಸಗಿ ಆರೋಗ್ಯ ವಿಮೆ ತಿಂಗಳಿಗೆ 40 ಯೂರೋಗೇ ಸಿಗುತ್ತದಂತೆ. ತೆಗೆದುಕೊಳ್ಳಲೇ?
*ಓದುಗರು, ಮಂಗಳೂರು*

ಪ್ರವಾಸಿ ವಿಮೆಯನ್ನು ಯಾರೋ ಆರೋಗ್ಯ ವಿಮೆ ಎಂದು ತೋರಿಸಿದ್ದಾರೆ. ಅದು ವಿಮಾನ ಇಳಿದ ದಿನದಿಂದ ವಿಶ್ವವಿದ್ಯಾಲಯದಲ್ಲಿ ದಾಖಲಾಗುವವರೆಗೆ ಮಾತ್ರ ಸಾಕು. ದಾಖಲಾತಿಗೆ ಸರ್ಕಾರಿ ಪದ್ಧತಿಯ ವಿಮಾ ನಿಧಿ ನಿಮ್ಮ ಸ್ಥಿತಿಯನ್ನು ವಿಶ್ವವಿದ್ಯಾಲಯಕ್ಕೆ ತಾನೇ ತಿಳಿಸಬೇಕು. ವಿದ್ಯಾರ್ಥಿ ದರ 30 ತುಂಬುವವರೆಗೆ. ತುಂಬಿದ ಸೆಮಿಸ್ಟರ್ ಮುಗಿದಮೇಲೆ ಕಂತು ಬಹಳ ಏರುತ್ತದೆ, ನಿಮ್ಮ ಎರಡನೇ ವರ್ಷದ ಬಜೆಟ್ಟಿನಲ್ಲಿ ತಿಂಗಳಿಗೆ ಕನಿಷ್ಠ 100 ಯೂರೋ ಹೆಚ್ಚು ಹಿಡಿಯಿರಿ. ಶುರುವಿನಲ್ಲಿ ಖಾಸಗಿಗೆ ಹೋಗಲು ಸರ್ಕಾರಿ ಪದ್ಧತಿಯಿಂದ ವಿನಾಯಿತಿ ಬರೆಸಿಕೊಂಡರೆ ಓದು ಮುಗಿಯುವವರೆಗೆ ವಾಪಸ್ ಬರಲು ಆಗುವುದಿಲ್ಲ. ಅಲ್ಲಿ ಕೂತು, ಎರಡೂ ಕಡೆಯ ಲೆಕ್ಕ ಲಿಖಿತವಾಗಿ ಪಡೆದು ಆಮೇಲೆ ನಿರ್ಧರಿಸಿ.

ಪಾರ್ಟ್‌ಟೈಮ್ ಕೆಲಸದಿಂದ ಖರ್ಚು ಪೂರ್ತಿ ತೂಗಿಸಬಹುದೇ?
*ವಿದ್ಯಾರ್ಥಿನಿ, ಕಲಬುರಗಿ*

ಎರಡನೇ ವರ್ಷ ಬಹುಮಟ್ಟಿಗೆ ಹೌದು. ಮೊದಲ ಆರು ತಿಂಗಳು ಸೊನ್ನೆ ಎಂದೇ ಬರೆದುಕೊಳ್ಳಿ.

2026ರಲ್ಲಿ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ‘ಮಿನಿಜಾಬ್’ ಎನ್ನುವ ಸಣ್ಣ ಕೆಲಸದ ಸಂಬಳದ ಮಿತಿ ತಿಂಗಳಿಗೆ 603, ವಾರಕ್ಕೆ ಸುಮಾರು 10 ಗಂಟೆ. ಕಡಿಮೆ ಬಾಡಿಗೆಯ ಊರಿನಲ್ಲಿ ಕೋಣೆ ಮತ್ತು ವಿಮೆ ಇದರಲ್ಲಿ ಹೋಗುತ್ತದೆ. ವಾರಕ್ಕೆ 20 ಗಂಟೆಯ ‘ವೆರ್ಕ್‌ಸ್ಟುಡೆಂಟ್’ ಕೆಲಸ ಸಿಕ್ಕರೆ ಕನಿಷ್ಠ ಕೂಲಿಯಲ್ಲೇ ಸುಮಾರು 1,200, ಪಿಂಚಣಿಗೆ ಶೇ 9.3 ಕಳೆದು ಕೈಗೆ 1,090. ಆದರೆ ಇವು ಬಹುಪಾಲು ನಿಮ್ಮ ವಿಷಯದ ಕಂಪನಿ ಕೆಲಸಗಳು. ಎರಡು ಸೆಮಿಸ್ಟರಿನ ಅಂಕಪಟ್ಟಿ ಮತ್ತು ಒಂದಷ್ಟು ಜರ್ಮನ್ ಇಲ್ಲದೆ ಸಿಗುವುದು ಕಷ್ಟ. ಅಂಗಡಿ, ಬೇಕರಿ, ಹೋಟೆಲುಗಳಲ್ಲೂ ಗ್ರಾಹಕರೊಂದಿಗೆ ಮಾತಾಡಲು ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಬೇಕು. ಬೆಂಗಳೂರಿನಲ್ಲೋ ಊರಿನಲ್ಲೋ ಕೂತು ಕಲಿತ ಭಾಷೆ ಅಲ್ಲಿ ನೇರವಾಗಿ ದುಡ್ಡಾಗುತ್ತದೆ.

ವಿದ್ಯಾರ್ಥಿ ದುಡಿಯಬಹುದಾದ ಮಿತಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ವಿಶ್ವವಿದ್ಯಾಲಯದೊಳಗಿನ ಸಹಾಯಕ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಪ್ರಾಧ್ಯಾಪಕರಿಗೆ ಮೊದಲೇ ಇಮೇಲ್ ಮಾಡಿ ಕೇಳುವುದು ಒಳ್ಳೆಯದು. ‘ಫ್ರೀಲಾನ್ಸ್’ ಎಂದು ಬಿಲ್ಲು ಬರೆಸಿಕೊಳ್ಳುವ ಕೆಲಸಕ್ಕೆ ವಿದೇಶಿಯರ ಕಚೇರಿಯ ಪ್ರತ್ಯೇಕ ಅನುಮತಿ ಬೇಕು. ಕೈಗೆ ನಗದು ಕೊಡುತ್ತೇವೆ ಎನ್ನುವ ಕೆಲಸ ಯಾವ ಕಾರಣಕ್ಕೂ ಬೇಡ, ಸಿಕ್ಕಿಬಿದ್ದರೆ ಹೋಗುವುದು ವೀಸಾ.

ಊರಿನಿಂದ ಏನೇನು ಕಟ್ಟಿಕೊಡಲಿ? ಮನೆಯ ತುಪ್ಪ, ಧಾರವಾಡ ಪೇಡೆ, ಹುಳಿಪುಡಿ ಎಲ್ಲ ಕೊಡೋಣ ಅಂತಿದ್ದೇನೆ.
*ತಾಯಿ, ಧಾರವಾಡ*

ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಶೇಂಗಾ ಹಿಂಡಿ ಧಾರಾಳವಾಗಿ ಕೊಡಿ ತಾಯಿ. ಅಲ್ಲಿ ಸಿಗದಿರುವುದು ಅದೇ. ಆದರೆ ತುಪ್ಪ, ಪೇಡೆ, ಕುಂದಾ ಬೇಡ. ಹೊರದೇಶದಿಂದ ಹಾಲಿನ ಮತ್ತು ಮಾಂಸದ ಪದಾರ್ಥ ಪ್ರಯಾಣಿಕರ ಚೀಲದಲ್ಲಿ ಯೂರೋಪಿನ ಒಕ್ಕೂಟದೊಳಗೆ ತರುವಂತಿಲ್ಲ. ಸಿಕ್ಕರೆ ಕಸ್ಟಮ್ಸ್‌ನವರು ಎಸೆಯುತ್ತಾರೆ. ಹಸಿ ಕರಿಬೇವೂ ಬೇಡ, ನೆರಳಲ್ಲಿ ಒಣಗಿಸಿ ಪುಡಿಮಾಡಿ ಕೊಡಿ. ತುಪ್ಪದ ಬದಲು ಅಲ್ಲಿ ಕಾಲು ಕೆಜಿ ಬೆಣ್ಣೆ ಕೊಂಡು ಸಣ್ಣ ಉರಿಯಲ್ಲಿ ಕಾಸಿಕೊಂಡರೆ ಮನೆಯ ತುಪ್ಪವೇ ಆಗುತ್ತದೆ. ಫೋನಿನಲ್ಲಿ ಒಮ್ಮೆ ಹೇಳಿಕೊಡಿ, ಗಸಿ ಕೆಂಪಾಗುವ ಮುಂಚೆ ಇಳಿಸಬೇಕೆಂದು.

ಅಕ್ಕಿ-ಬೇಳೆ ಹೊರುವುದು ಬೇಡ. ಮಸೂರ್ ಬೇಳೆ ತುರ್ಕಿ ಅಂಗಡಿಗಳಲ್ಲಿ ಅಗ್ಗ, ತೊಗರಿಗೆ ಭಾರತೀಯ ಅಂಗಡಿಗೇ ಹೋಗಬೇಕು. ಮೂರ್ನಾಲ್ಕು ಜನ ಸೇರಿ 10 ಕೆಜಿ ಸೋನಾ ಮಸೂರಿ ಚೀಲ ಕೊಳ್ಳುವುದು ಅಲ್ಲಿನ ರೂಢಿ. ಕುಕ್ಕರ್ ಕೊಡುವುದಾದರೆ ಎರಡು ಅಥವಾ ಮೂರು ಲೀಟರಿನ ಸ್ಟೀಲಿನದು ಕೊಡಿ, ತಳ ಇಂಡಕ್ಷನ್‌ಗೆ ಆಗುವಂಥದು. ಹಗುರ ಎಂದು ಅಲ್ಯೂಮಿನಿಯಂ ಕೊಟ್ಟರೆ ಇಂಡಕ್ಷನ್ ಒಲೆಯ ಮೇಲೆ ಅದು ಕಾಯುವುದೇ ಇಲ್ಲ. ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಹೆಚ್ಚಿಗೆ ಇರಲಿ. ಕರೆಂಟು ಅಲ್ಲೂ 230 ವೋಲ್ಟೇ, ನಮ್ಮ ಮಿಕ್ಸಿ ನಡೆಯುತ್ತದೆ. ಪ್ಲಗ್ ಮಾತ್ರ ಬೇರೆ, ಮೂರು ಪಿನ್ನಿನದಕ್ಕೆ ಆಗುವ ಅಡಾಪ್ಟರ್ ಎರಡು ಇಡಿ.

ನೀರು, ಜ್ಯೂಸಿನ ಖಾಲಿ ಬಾಟಲಿ ಎಸೆಯಬೇಡ ಎಂದು ಮಗನಿಗೆ ಹೇಳಿ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನಿಗೆ 25 ಸೆಂಟ್ ಠೇವಣಿ ಕೊಂಡಾಗಲೇ ಹಿಡಿದಿರುತ್ತಾರೆ. ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಬಿಲ್ಲಿನಲ್ಲಿ ಕಳೆಯುತ್ತಾರೆ.

ಮೊದಲ ವರ್ಷ ಮುಗಿಯುತ್ತಾ ಬಂತು. ಬ್ಲಾಕ್ಡ್ ಅಕೌಂಟಿನಲ್ಲಿ ಎರಡು ತಿಂಗಳ ಹಣ ಉಳಿದಿದೆ. ವಾಸ ಪರವಾನಗಿ ನವೀಕರಣಕ್ಕೆ ಮತ್ತೆ 11,904 ತೋರಿಸಬೇಕೇ?
*ವಿದ್ಯಾರ್ಥಿ, ಡ್ರೆಸ್ಡೆನ್ (ಊರು ಚಿತ್ರದುರ್ಗ)*

ಹೌದು, ಮುಂದಿನ ಅವಧಿಯ ಜೀವನವೆಚ್ಚ ಹೇಗೆ ಎಂದು ಕೇಳಿಯೇ ಕೇಳುತ್ತಾರೆ. ಎಲ್ಲರೂ ಮರೆಯುವ ಖರ್ಚು ಇದೇ. ಆದರೆ ಪೂರ್ತಿ ಮೊತ್ತ ಬ್ಲಾಕ್ಡ್ ಅಕೌಂಟಿನಲ್ಲೇ ಇರಬೇಕೆಂದಿಲ್ಲ. ಕೆಲಸದ ಒಪ್ಪಂದ ಮತ್ತು ಸಂಬಳ ಚೀಟಿಗಳು, ವಿದ್ಯಾರ್ಥಿವೇತನದ ಪತ್ರ, ಉಳಿದ ಬ್ಲಾಕ್ಡ್ ಹಣ ಇವುಗಳನ್ನು ಒಟ್ಟುಗೂಡಿಸಿ ಒಪ್ಪುವ ಕಚೇರಿಗಳಿವೆ. ತಿಂಗಳಿಗೆ 603ರ ಮಿನಿಜಾಬ್ ಇದ್ದರೆ 992ಕ್ಕೆ ಉಳಿಯುವುದು 389. ಹನ್ನೆರಡು ತಿಂಗಳಿಗೆ 4,668 ಯೂರೋ, ಸುಮಾರು 4.9 ಲಕ್ಷ ರೂಪಾಯಿ. ಮನೆಯವರಿಗೆ 12.5 ಲಕ್ಷ ಹೊಂದಿಸಿ ಎನ್ನುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ನಿಮ್ಮ ಊರಿನ ವಿದೇಶಿಯರ ಕಚೇರಿ ಯಾವುದನ್ನು ಒಪ್ಪುತ್ತದೆ ಎಂದು ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಹಣ ಬೇಕು ಎಂದು ಮನೆಗೆ ಮೂರು ತಿಂಗಳ ಮೊದಲೇ ತಿಳಿಸಿ. ಮಾರ್ಚ್ ಕೊನೆಗೂ ಏಪ್ರಿಲ್ ಶುರುವಿಗೂ ಎರಡು ಕಂತಿನಲ್ಲಿ ಕಳಿಸುವಂತಾದರೆ ಆರ್ಥಿಕ ವರ್ಷ ಬದಲಾಗಿ ಟಿಸಿಎಸ್ ಮಿತಿಯೂ ಹೊಸದಾಗುತ್ತದೆ.

ನವೀಕರಣದ ಅರ್ಜಿಯನ್ನು ಈಗಿನ ಪರವಾನಗಿ ಮುಗಿಯುವ ದಿನದ ಒಳಗೇ ಸಲ್ಲಿಸಿ. ಹಣದ ಕಾಗದ ಒಂದು ಬಾಕಿಯಿದ್ದರೂ ಸರಿ, ಅರ್ಜಿ ಹೋಗಲಿ. ಒಳಗೆ ಸಲ್ಲಿಸಿದ್ದರೆ ತೀರ್ಮಾನ ಬರುವವರೆಗೆ ಹಳೆಯ ಪರವಾನಗಿಯೇ ಮುಂದುವರಿದಂತೆ, ಅದಕ್ಕೊಂದು ಚೀಟಿ ಕೊಡುತ್ತಾರೆ. ಆ ಚೀಟಿಯ ಪ್ರತಿಯನ್ನು ಕೆಲಸ ಕೊಟ್ಟವರಿಗೂ ಕೊಡಿ, ಇಲ್ಲದಿದ್ದರೆ ಅವರು ಆ ತಿಂಗಳೇ ನಿಮ್ಮ ಕೆಲಸ ನಿಲ್ಲಿಸಬಹುದು.